ಬ್ಲ್ಯಾಕ್ ಬೆಲ್ಟ್ ಕಟ್ಟಿಕೊಂಡ ಬಿಸ್ಕತ್ತು

ಬಿಸ್ಕತ್ತು ಕಾರ್ಖಾನೆಯಲ್ಲಿ ಎಲ್ಲರಿಗೂ ಒಂದಲ್ಲ ಒಂದು ಕೆಲಸವಿರುತ್ತದೆ. ಒಬ್ಬ ಮೈದಾ ಮೂಟೆ ಬಿಚ್ಚಿ ಜರಡಿಗೆ ಸುರಿಯುತ್ತಾನೆ. ಇನ್ನೊಬ್ಬ ಮಿಕ್ಸರಿನ ಮುಂದೆ ನಿಂತು, ಮುಷ್ಟಿಯಲ್ಲಿ ಹಿಟ್ಟು ಹಿಸುಕಿ ನೋಡಿ, ‘ಇನ್ನೆರಡು ನಿಮಿಷ ಬಿಡು’ ಅನ್ನುತ್ತಾನೆ. ಮತ್ತೊಬ್ಬ ಓವನ್ನಿನ ಬಾಯಲ್ಲಿ ಬೆವರುತ್ತಾನೆ. ಕನ್ವೇಯರಿನ ಎರಡೂ ಬದಿ ನಿಂತ ಹೆಂಗಸರು ಒಡೆದದ್ದು, ಕರಕಲಾದದ್ದು, ಒಂದಕ್ಕೊಂದು ಅಂಟಿಕೊಂಡದ್ದನ್ನು ರೆಪ್ಪೆ ಬಡಿಯುವಷ್ಟರಲ್ಲಿ ಆರಿಸಿ ಬಿಸಾಡುತ್ತಾರೆ. ಇಂಥ ಕಡೆ ಯಾವ ಯಂತ್ರವನ್ನೂ ಮುಟ್ಟದ, ಯಾವ ಮೂಟೆಯನ್ನೂ ಎತ್ತದ, ಹದಿನೈದು ದಿನ ರಜೆ ಹಾಕಿದರೂ ಒಂದೇ ಒಂದು ಬಿಸ್ಕತ್ತು ಕಡಿಮೆಯಾಗದ ಹುದ್ದೆಯೊಂದಿದೆ. ಸಂಬಳ ಮಾತ್ರ ಮೇಲೆ ಹೇಳಿದವರದ್ದನ್ನೆಲ್ಲ ಕೂಡಿಸಿದಷ್ಟು. ಅದರ ಹೆಸರು ಕಂಟಿನ್ಯುಯಸ್ ಇಂಪ್ರೂವ್‌ಮೆಂಟ್ ಮ್ಯಾನೇಜರ್. ನಮ್ಮ ಸರ್ಕಾರಿ ಕನ್ನಡದಲ್ಲಿ ಹೇಳುವುದಾದರೆ ನಿರಂತರ ಸುಧಾರಣಾಧಿಕಾರಿ.

ಇಂಜಿನಿಯರಿಂಗೋ ಫುಡ್ ಟೆಕ್ನಾಲಜಿಯೋ ಮುಗಿಸಿ, ಮುಂದೇನು ಅಂತ ಮೊಬೈಲ್ ಉಜ್ಜುತ್ತ ಕೂತ ಮಗನೋ ಮಗಳೋ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಈ ದಾರಿಗೆ ಹಚ್ಚಿ. ಬಿಡದಿ, ಹಾರೋಹಳ್ಳಿ, ಬೊಮ್ಮಸಂದ್ರ, ತುಮಕೂರಿನ ವಸಂತನರಸಾಪುರ, ಎಲ್ಲಿ ನೋಡಿದರೂ ಶೆಡ್ಡುಗಳು ಎದ್ದಿವೆ. ವಸಂತನರಸಾಪುರದ ಫುಡ್ ಪಾರ್ಕನ್ನು 2014ರ ಸೆಪ್ಟೆಂಬರಿನಲ್ಲಿ ಪ್ರಧಾನಿಯವರೇ ಬಂದು ಉದ್ಘಾಟಿಸಿ ಹೋಗಿದ್ದಾರೆ. ತಯಾರಿಸುವವರು ಇದ್ದ ಮೇಲೆ ತಯಾರಿಸುವವರನ್ನು ಸುಧಾರಿಸುವವರೂ ಬೇಕಲ್ಲ. ತೊಡಕು ಬರುವುದು ಮದುವೆ ಮಾತುಕತೆಯಲ್ಲಿ ಮಾತ್ರ. ‘ಹುಡುಗ ಏನ್ ಮಾಡ್ಕೊಂಡಿದಾನೆ?’ ‘ಸುಧಾರಣೆ ಮಾಡ್ತಾನೆ.’ ‘ಯಾರನ್ನ?’ ಈ ಪ್ರಶ್ನೆಗೆ ಇಡೀ ಉದ್ಯಮದಲ್ಲೇ ಉತ್ತರವಿಲ್ಲ. ‘ಪ್ಯಾಕೇಜು ಚೆನ್ನಾಗಿದೆ’ ಎಂದು ಮಾತು ಹೊರಳಿಸಿಬಿಡುವುದು ಕ್ಷೇಮ.

ಮೊದಲ ಹೆಜ್ಜೆ, ಬೆಲ್ಟು ಕಟ್ಟಿಕೊಳ್ಳುವುದು. 1986ರಲ್ಲಿ ಅಮೆರಿಕದ ಮೊಟೊರೊಲಾ ಕಂಪನಿಯ ಬಿಲ್ ಸ್ಮಿತ್ ಎಂಬ ಇಂಜಿನಿಯರು ‘ಸಿಕ್ಸ್ ಸಿಗ್ಮಾ’ ಎಂಬ ಕ್ರಮವನ್ನು ಹುಟ್ಟುಹಾಕಿದರು. ತಪ್ಪಾಗಲು ಹತ್ತು ಲಕ್ಷ ಅವಕಾಶಗಳಿದ್ದರೂ 3.4ಕ್ಕಿಂತ ಹೆಚ್ಚು ತಪ್ಪಾಗಕೂಡದು ಎಂಬುದು ಅದರ ಗುರಿ. ಆಮೇಲೆ ಜೂಡೊ, ಕರಾಟೆಯವರ ಪಟ್ಟಿಗಳು ಅದಕ್ಕೆ ಬಂದು ಸುತ್ತಿಕೊಂಡವು: ಯೆಲ್ಲೊ, ಗ್ರೀನ್, ಬ್ಲ್ಯಾಕ್, ಅದರ ಮೇಲೊಂದು ಮಾಸ್ಟರ್ ಬ್ಲ್ಯಾಕ್. 1995ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಜ್ಯಾಕ್ ವೆಲ್ಚ್ ಇದನ್ನು ಕೈಗೆತ್ತಿಕೊಂಡ ಮೇಲಂತೂ ಅದು ವಿಧಾನ ಹೋಗಿ ಮತವಾಯಿತು. ಕರಾಟೆಯಲ್ಲಿ ಬ್ಲ್ಯಾಕ್ ಬೆಲ್ಟು ಬೇಕೆಂದರೆ ವರ್ಷಗಟ್ಟಲೆ ಏಟು ತಿನ್ನಬೇಕು. ಇಲ್ಲಿ ಕೆಲವು ಶನಿವಾರ, ಭಾನುವಾರಗಳ ಆನ್‌ಲೈನ್ ಕ್ಲಾಸಿನಲ್ಲಿ ಕೂತು, ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಿದರೂ ಬೆಲ್ಟು ಕೊಡುವವರಿದ್ದಾರೆ. ಏಟು ತಿನ್ನುವ ಭಾಗವನ್ನು ಆಪರೇಟರುಗಳಿಗೆ ವಹಿಸಲಾಗಿದೆ.

ಮೊಟೊರೊಲಾದವರು ಮಾಡುತ್ತಿದ್ದದ್ದು ಪೇಜರು, ಬಿಡಿಭಾಗ. ಪೇಜರಿಗೆ ಆಷಾಢದ ತಂಡಿ ಹತ್ತುವುದಿಲ್ಲ. ಬಿಸ್ಕತ್ತು ಹಾಗಲ್ಲ, ಅದರ ಗೋಧಿ ಹೊಲದಲ್ಲಿ ಬೆಳೆಯುವಂಥದ್ದು. ಒಂದು ಲೋಡಿನ ಮೈದಾ ಕುಡಿದಷ್ಟೇ ನೀರನ್ನು ಇನ್ನೊಂದು ಲೋಡಿನದು ಕುಡಿಯುವುದಿಲ್ಲ. ಮಳೆಗಾಲದಲ್ಲಿ ಕಲಸಿದ ಹದ ಏಪ್ರಿಲ್ಲಿಗೆ ಆಗಿಬರುವುದಿಲ್ಲ. ಇದು ಮಿಕ್ಸರ್ ಮುಂದಿನವನ ಮುಷ್ಟಿಗೆ ಗೊತ್ತು. ಆದರೆ ಮುಷ್ಟಿಗೆ ಎಕ್ಸೆಲ್ಲಿನಲ್ಲಿ ಕಾಲಮ್ಮಿಲ್ಲ. ಹಾಗಾಗಿ ಹೊಸ ಬೆಲ್ಟಿನವನು ಬಂದ ವಾರವೇ, ಮಿಕ್ಸಿಂಗ್ ಸಮಯ ಎಲ್ಲ ಪಾಳಿಯಲ್ಲೂ ಏಳು ನಿಮಿಷ, ಒಂದು ಸೆಕೆಂಡು ಅತ್ತಿತ್ತ ಆಗುವಂತಿಲ್ಲ ಎಂದು ಬೋರ್ಡು ಬರೆಸುತ್ತಾನೆ. ಮಿಕ್ಸರಿನವನು ಬೋರ್ಡಿಗೆ ನಮಸ್ಕಾರ ಹಾಕಿ, ಸಾಹೇಬರು ಅತ್ತ ಹೋದೊಡನೆ ಹಿಟ್ಟು ಹಿಸುಕಿ ನೋಡಿ ‘ಇನ್ನೆರಡು ನಿಮಿಷ’ ಅನ್ನುತ್ತಾನೆ. ಬಿಸ್ಕತ್ತು ಚೆನ್ನಾಗಿ ಬರುತ್ತದೆ. ಬೋರ್ಡಿಗೆ ಬಹುಮಾನ ಬರುತ್ತದೆ.

ಎರಡನೆಯದು ಗೋಡೆ. ಸುಧಾರಣೆ ಮೊದಲು ಕಾಣಬೇಕಾದದ್ದು ಗೋಡೆಯ ಮೇಲೆ, ನೆಲದ ಮೇಲೆ. ‘5ಎಸ್’ ಎಂಬ ಜಪಾನಿ ಪದ್ಧತಿಯಿದೆ: ಬೇಡದ್ದನ್ನು ತೆಗೆ, ಬೇಕಾದ್ದನ್ನು ಅದರ ಜಾಗದಲ್ಲಿಡು, ಶುಚಿ ಮಾಡು, ಇದನ್ನೇ ಕ್ರಮವಾಗಿಸು, ಕ್ರಮ ತಪ್ಪದಂತೆ ನೋಡಿಕೋ. ಒಳ್ಳೆಯ ಪದ್ಧತಿಯೇ. ನಮ್ಮಲ್ಲಿ ಅದು ಬಂದಿಳಿದದ್ದು ಹಳದಿ ಟೇಪಿನ ರೂಪದಲ್ಲಿ. ಕಸದ ಡಬ್ಬಿಯ ಸುತ್ತ ಟೇಪು, ಕುರ್ಚಿಯ ನಾಲ್ಕು ಕಾಲಿಗೂ ಟೇಪು, ಸ್ಟೇಪ್ಲರ್ ಇಡುವ ಜಾಗಕ್ಕೆ ಟೇಪು, ಕೊನೆಗೆ ಟೇಪು ಇಡುವ ಜಾಗಕ್ಕೂ ಟೇಪು.

ಟೇಪು ಹಾಕಿದ ಮೇಲೆ ‘ಮೊದಲು, ನಂತರ’ದ ಫೋಟೊ ಬೇಕು. ಇದರಲ್ಲೊಂದು ವೃತ್ತಿರಹಸ್ಯವಿದೆ. ಉತ್ಸಾಹದಲ್ಲಿ ಕಪಾಟು ಚೊಕ್ಕಟ ಮಾಡಿಬಿಟ್ಟಿರುತ್ತಾರೆ. ‘ಮೊದಲಿ’ನ ಫೋಟೊ ತೆಗೆದಿರುವುದಿಲ್ಲ. ಗಾಬರಿ ಬೇಡ. ಜೋಡಿಸಿದ್ದನ್ನೆಲ್ಲ ಹೊರಗೆಳೆದು ಚೆಲ್ಲಾಪಿಲ್ಲಿ ಮಾಡಿ, ಎರಡು ಹಳೇ ಕೈಗವಸು, ಒಂದು ಟೀ ಕಪ್ಪು ಎಸೆದು ಫೋಟೊ ತೆಗೆದು, ಮತ್ತೆ ಜೋಡಿಸಿದರಾಯಿತು. ಕಪಾಟಿನ ಮೇಲಿನ ಗೋಡೆ ಗಡಿಯಾರದಲ್ಲಿ ‘ನಂತರ’ದ ಚಿತ್ರಕ್ಕೆ ಹನ್ನೊಂದು ಗಂಟೆ, ‘ಮೊದಲಿ’ನ ಚಿತ್ರಕ್ಕೆ ಹನ್ನೊಂದೂ ಇಪ್ಪತ್ತು ಆಗಿರುತ್ತದೆ. ಚಿಂತೆಯಿಲ್ಲ. ಆಡಿಟರು ಗಡಿಯಾರ ನೋಡುವುದು ಊಟದ ಹೊತ್ತು ತಿಳಿಯುವುದಕ್ಕೆ ಮಾತ್ರ.

ಮೂರನೆಯದು ‘ಗೆಂಬಾ ವಾಕ್’, ಅಂದರೆ ಕೆಲಸ ನಡೆಯುವ ಜಾಗಕ್ಕೇ ಹೋಗಿ ನೋಡುವುದು. ಟೊಯೊಟಾ ಕಂಪನಿಯ ತೈಚಿ ಓನೊ ಕಾರ್ಖಾನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ವೃತ್ತ ಬರೆದು, ಅದರೊಳಗೆ ಇಂಜಿನಿಯರನ್ನು ಗಂಟೆಗಟ್ಟಲೆ ನಿಲ್ಲಿಸಿ, ‘ಸುಮ್ಮನೆ ನೋಡು’ ಅನ್ನುತ್ತಿದ್ದರಂತೆ. ನಮ್ಮವರು ವೃತ್ತವನ್ನು ಬಿಟ್ಟು ವಾಕನ್ನು ಮಾತ್ರ ಇಟ್ಟುಕೊಂಡರು. ಬೆಳಿಗ್ಗೆ ಕಾಫಿಯಾದ ಮೇಲೆ ಎಂಟು ಜನ ತಲೆಗೆ ಬಲೆ, ಗಡ್ಡಕ್ಕೆ ಬಲೆ, ಬಿಳಿ ಕೋಟು ತೊಟ್ಟು, ಮದುವೆ ಮನೆಯಲ್ಲಿ ಅಡುಗೆ ನೋಡಲು ಬಂದ ಬೀಗರ ಹಾಗೆ ಸಾಲಾಗಿ ಹೊರಡುತ್ತಾರೆ. ಬರುವ ಸುದ್ದಿ ಹಿಂದಿನ ರಾತ್ರಿಯೇ ವಾಟ್ಸಾಪಿನಲ್ಲಿ ಬಂದಿರುವುದರಿಂದ ಅವರಿಗೆ ನಿಜವಾದ ಕೆಲಸವೊಂದು ಬಿಟ್ಟು ಮಿಕ್ಕೆಲ್ಲ ಕಾಣಿಸುತ್ತದೆ.

ಒಮ್ಮೊಮ್ಮೆ ಮಾತ್ರ ಕಾಣಬಾರದ್ದೂ ಕಂಡುಬಿಡುತ್ತದೆ. ಊರು, ಕಂಪನಿ ಯಾವುದಾದರೂ ಇಟ್ಟುಕೊಳ್ಳಿ, ಈ ದೃಶ್ಯ ಎಲ್ಲ ಕಡೆಗೂ ಹೊಂದುತ್ತದೆ. ಮೂರನೇ ನಂಬರಿನ ಪ್ಯಾಕಿಂಗ್ ಯಂತ್ರ. ಮೇಲಿನ ರೋಲಿನಿಂದ ಪ್ಲಾಸ್ಟಿಕ್ ಫಿಲ್ಮು ಸರಸರ ಇಳಿದು, ಸಾಲುಗಟ್ಟಿದ ಬಿಸ್ಕತ್ತುಗಳನ್ನು ಸುತ್ತಿಕೊಂಡು, ಬಿಸಿ ದವಡೆಗಳ ನಡುವೆ ಕಚ್ಚಿಸಿಕೊಂಡು ಪೊಟ್ಟಣವಾಗುತ್ತಿದೆ. ಫಿಲ್ಮು ಇಳಿಯುವ ಗೈಡಿನ ಕೆಳಗೆ ಮಡಚಿಟ್ಟ ರಟ್ಟಿನ ಚೂರು.

‘ಏನ್ರೀ ಇದು?’

‘ರಟ್ಟು, ಸಾರ್.’

‘ರಟ್ಟು ಅಂತ ಕಾಣ್ತಿದೆ. ಇಲ್ಲಿ ಯಾಕಿದೆ?’

‘ಫಿಲ್ಮು ಓರೆಗೆ ಜಗ್ತದೆ ಸಾರ್. ಇದಿಟ್ರೆ ನೆಟ್ಟಗೆ ಹೋಗ್ತದೆ.’

‘ಫುಡ್ ಪ್ಲಾಂಟು ಕಣ್ರೀ ಇದು! ಇದರ ಚೂರು ಬಿಸ್ಕತ್ತಿಗೆ ಬಿದ್ದರೆ?’

ಸಾಹೇಬರ ಮಾತು ಸರಿಯೇ. ರಟ್ಟು ತೆಗೆಸುತ್ತಾರೆ, ಫೋಟೊ ತೆಗೆಸುತ್ತಾರೆ. ಅವರು ಎರಡನೇ ಯಂತ್ರಕ್ಕೆ ಹೋಗುವಷ್ಟರಲ್ಲಿ ಮೂರನೆಯದು ನಿಲ್ಲುತ್ತದೆ. ಮಧ್ಯಾಹ್ನ ಎಸಿ ಕೋಣೆಯಲ್ಲಿ ‘ಐದು ಯಾಕೆ’ ಸಭೆ. ಯಾವುದೇ ತೊಂದರೆಗೆ ಐದು ಸಲ ಯಾಕೆ ಎಂದು ಕೇಳಿದರೆ ಬೇರು ಸಿಗುತ್ತದೆ ಎಂಬುದು ಟೊಯೊಟಾದ ಪಾಠ. ಯಂತ್ರ ಯಾಕೆ ನಿಂತಿತು? ಫಿಲ್ಮು ಸಿಕ್ಕಿಕೊಂಡಿತು. ಯಾಕೆ? ಓರೆಯಾಗಿ ಬಂತು. ಯಾಕೆ? ಆಪರೇಟರು ಸರಿಯಾಗಿ ಹೊಂದಿಸಿರಲಿಲ್ಲ. ಯಾಕೆ? ಅವನಿಗೆ ಗೊತ್ತಿರಲಿಲ್ಲ. ಯಾಕೆ? ತರಬೇತಿ ಕೊಟ್ಟಿರಲಿಲ್ಲ. ಸಿಕ್ಕಿತಲ್ಲ ಬೇರು! ಐದನೇ ‘ಯಾಕೆ’ಗೆ ದೇಶದ ಯಾವ ಕಾರ್ಖಾನೆಯಲ್ಲೂ ಇದೇ ಉತ್ತರ. ಆ ಯಂತ್ರದ ಜೊತೆ ಹದಿನಾಲ್ಕು ವರ್ಷ ಸಂಸಾರ ಮಾಡಿದವನಿಗೆ, ಹೋದ ಜೂನಿನಲ್ಲಿ ಸೇರಿದ ಹುಡುಗ ಪ್ರೊಜೆಕ್ಟರ್ ಹಚ್ಚಿ ತರಬೇತಿ ಕೊಡುತ್ತಾನೆ. ಹಾಜರಿ ಪುಸ್ತಕದಲ್ಲಿ ಸಹಿ ಬೀಳುತ್ತದೆ. ಫೈಲು ಮುಗಿಯುತ್ತದೆ.

ಸಭೆಗೆ ಆಪರೇಟರನ್ನು ಕರೆದಿರಲಿಲ್ಲ. ಕರೆದಿದ್ದರೆ ಅವನು ಒಂದೇ ‘ಯಾಕೆ’ಗೆ ಮುಗಿಸುತ್ತಿದ್ದ: ‘ಹೋದ ವರ್ಷ ಫಿಲ್ಮು ತೆಳ್ಳಗೆ ಮಾಡಿದ್ರಲ್ಲ ಸಾರ್, ಅವತ್ತಿಂದ.’ ಯಾಕೆ ತೆಳ್ಳಗೆ ಮಾಡಿದರು ಎಂದು ಇನ್ನೊಮ್ಮೆ ಕೇಳುವುದು ಬೇಡ. ಅದು ಹೋದ ವರ್ಷದ ಅತ್ಯುತ್ತಮ ಸುಧಾರಣಾ ಯೋಜನೆ. ಅದರ ಟ್ರೋಫಿ ಅದೇ ಕೋಣೆಯ ಗಾಜಿನ ಕಪಾಟಿನಲ್ಲಿ, ಹಳದಿ ಟೇಪಿನ ಚೌಕದೊಳಗೆ ಕೂತಿದೆ.

ಈ ವೃತ್ತಿಯ ಜೀವಾಳ ಇಲ್ಲಿದೆ. ಬಿಸ್ಕತ್ತಿಗೆ ಕಚ್ಚಾವಸ್ತು ಮೈದಾ, ಸಕ್ಕರೆ, ಎಣ್ಣೆ. ಸುಧಾರಣೆಗೆ ಕಚ್ಚಾವಸ್ತು ಹಿಂದಿನ ಸುಧಾರಣೆ. ಮೊದಲ ವರ್ಷ ಫಿಲ್ಮನ್ನು ಕೆಲವು ಮೈಕ್ರಾನು ತೆಳ್ಳಗೆ ಮಾಡಿ ಲಕ್ಷಗಟ್ಟಲೆ ಉಳಿಸುತ್ತಾರೆ. ಎರಡನೇ ವರ್ಷ ಸೀಲು ಕೂರದೆ ಪೊಟ್ಟಣದೊಳಗೆ ಗಾಳಿಯಾಡಿ ಬಿಸ್ಕತ್ತು ಮೆತ್ತಗಾಗಿದೆ ಎಂದು ದೂರು ಬರುತ್ತದೆ. ‘ಸೋರಿಕೆ ತಡೆ ಯೋಜನೆ’ ಹುಟ್ಟಿ ದವಡೆಯ ಶಾಖ ಏರುತ್ತದೆ. ಮೂರನೇ ವರ್ಷ ಶಾಖಕ್ಕೆ ಫಿಲ್ಮು ಸುಕ್ಕಾಗಿ ಹರಿಯುತ್ತದೆ. ‘ಫಿಲ್ಮ್ ವೇಸ್ಟೇಜ್ ಇಳಿಕೆ ಯೋಜನೆ’ ಹುಟ್ಟುತ್ತದೆ. ನಾಲ್ಕನೇ ವರ್ಷ ಹೊಸ ಮ್ಯಾನೇಜರು ಬಂದು, ಜಗತ್ತಿನಲ್ಲಿ ಯಾರಿಗೂ ಹೊಳೆಯದ ಒಂದು ಉಪಾಯ ಮಂಡಿಸುತ್ತಾನೆ: ಫಿಲ್ಮನ್ನು ಸ್ವಲ್ಪ ದಪ್ಪ ಮಾಡೋಣ. ಚಪ್ಪಾಳೆ. ಟ್ರೋಫಿ. ಡೆಮಿಂಗ್ ಎಂಬ ಗುಣಮಟ್ಟ ತಜ್ಞರ ಹೆಸರಿನಲ್ಲಿ ಪ್ರಸಿದ್ಧವಾದ ಚಕ್ರವೊಂದಿದೆ: ಯೋಜಿಸು, ಮಾಡು, ಪರೀಕ್ಷಿಸು, ತಿದ್ದು. ನಮ್ಮವರು ಅದನ್ನು ಚಕ್ರವೆಂದೇ ತಿಳಿದು ತಿರುಗಿಸುತ್ತಿದ್ದಾರೆ. ಬಂಡಿ ಮುಂದೆ ಹೋಗಬೇಕು ಎಂಬ ಭಾಗ ಚಿತ್ರದಲ್ಲಿ ಇರಲಿಲ್ಲ.

ಬಿಸ್ಕತ್ತು ಒಡೆಯುವುದನ್ನೇ ನೋಡಿ. ಓವನ್ನಿನಿಂದ ಬಂದ ಬಿಸ್ಕತ್ತಿನ ಅಂಚು ಒಣಗಿರುತ್ತದೆ, ನಡುವೆ ತೇವ ಉಳಿದಿರುತ್ತದೆ. ಅದು ಉದ್ದದ ಬೆಲ್ಟಿನ ಮೇಲೆ ನಿಧಾನಕ್ಕೆ ಆರಬೇಕು. ಅವಸರದಲ್ಲಿ ಬೇಯಿಸಿ ಅವಸರದಲ್ಲಿ ಆರಿಸಿದರೆ ಅಂಚು ತೇವ ಎಳೆದುಕೊಂಡು ಹಿಗ್ಗುತ್ತದೆ, ನಡುಭಾಗ ಒಣಗಿ ಕುಗ್ಗುತ್ತದೆ. ಆ ಜಗ್ಗಾಟಕ್ಕೆ ಕೆಲವು ಗಂಟೆಗಳ ಮೇಲೆ, ಕೆಲವೊಮ್ಮೆ ಮಾರನೇ ದಿನ, ಯಾರೂ ಮುಟ್ಟದೆಯೇ ಕೂದಲೆಳೆಯ ಬಿರುಕು ಬಿಡುತ್ತದೆ. ಕಸುಬಿನವರು ಇದಕ್ಕೆ ‘ಚೆಕಿಂಗ್’ ಅನ್ನುತ್ತಾರೆ. ಬೆಲ್ಟಿನ ವೇಗ ಹೆಚ್ಚಿಸಿ, ದೊಡ್ಡ ಫ್ಯಾನು ಹಾಕಿಸಿದ ಸುಧಾರಕನಿಗೆ ಇದಕ್ಕಿಂತ ದೊಡ್ಡ ವರವಿಲ್ಲ. ಅವನ ಲೆಕ್ಕ ನಡೆಯುವುದು ಪ್ಯಾಕಿಂಗ್ ಯಂತ್ರದ ತನಕ. ಅಲ್ಲಿ ಬಿಸ್ಕತ್ತು ಇಡಿಯಾಗಿದೆ, ಉತ್ಪಾದನೆ ಏರಿದೆ, ತ್ಯಾಜ್ಯ ಇಳಿದಿದೆ. ಬಿರುಕು ಬಿಡುವುದು ಲಾರಿಯಲ್ಲಿ. ಎರಡು ಹೋಳಾಗುವುದು ಚಿಕ್ಕನಾಯಕನಹಳ್ಳಿಯ ಕಿರಾಣಿ ಅಂಗಡಿಯಲ್ಲಿ. ಪೊಟ್ಟಣ ಬಿಚ್ಚಿದ ಹುಡುಗ ಚೂರುಗಳನ್ನು ಹಾಲಿಗೆ ಸುರಿದುಕೊಂಡು ತಿನ್ನುತ್ತಾನೆ. ಅವನು ‘ಡಿಫೆಕ್ಟ್’ ಕಾಲಮ್ಮಿನಲ್ಲಿ ಬರುವುದಿಲ್ಲ.

ಇನ್ನು ಅಂಕಗಣಿತ. ಯಂತ್ರದ ಯೋಗ್ಯತೆ ಅಳೆಯಲು ‘ಓಇಇ’ ಎಂಬ ಮಾಪನವಿದೆ. ಓಡಬೇಕಾದ ಹೊತ್ತಿನಲ್ಲಿ ಎಷ್ಟು ಹೊತ್ತು ಓಡಿತು, ಓಡುವಾಗ ಎಷ್ಟು ಜೋರಾಗಿ ಓಡಿತು, ಹೊರಬಂದ ಮಾಲಿನಲ್ಲಿ ಎಷ್ಟು ನೆಟ್ಟಗಿತ್ತು, ಈ ಮೂರನ್ನೂ ಗುಣಿಸಬೇಕು. ಇದನ್ನು ರೂಪಿಸಿದ ಜಪಾನಿನ ಸೆಯಿಚಿ ನಕಾಜಿಮಾ 90, 95, 99 ಶೇಕಡಾ ಇರಲಿ ಎಂದರು. ಗುಣಿಸಿದರೆ ಸುಮಾರು 85. ಅಂದಿನಿಂದ ಜಗತ್ತಿನ ಎಲ್ಲ ಪ್ಲಾಂಟ್ ಹೆಡ್ಡುಗಳಿಗೂ ಕನಸಿನಲ್ಲಿ 85 ಬರುತ್ತದೆ. ಅದನ್ನು ಮುಟ್ಟಲು ಎರಡು ದಾರಿ. ಒಂದು, ಯಂತ್ರ ರಿಪೇರಿ ಮಾಡಿಸುವುದು. ಇದಕ್ಕೆ ದುಡ್ಡು, ಸಮಯ, ತಲೆ ಮೂರೂ ಬೇಕು. ಇನ್ನೊಂದು, ‘ಓಡಬೇಕಾದ ಹೊತ್ತು’ ಎಂದರೇನು ಎಂಬುದನ್ನೇ ರಿಪೇರಿ ಮಾಡುವುದು. ಎಂಟು ಗಂಟೆಯ ಪಾಳಿ ಎಂದರೆ 480 ನಿಮಿಷ. ಯಂತ್ರ ಓಡಿದ್ದು 300 ನಿಮಿಷ. ಶೇಕಡಾ 62 ಚಿಲ್ಲರೆ. ನಾಚಿಕೆಗೇಡು. ಫಿಲ್ಮು ಸಿಕ್ಕಿಕೊಂಡದ್ದು, ಕರೆಂಟು ಹೋದದ್ದು, ಮೈದಾ ಲಾರಿ ತಡವಾದದ್ದು ಎಲ್ಲ ಸೇರಿ ನೂರು ನಿಮಿಷವನ್ನು ‘ಯೋಜಿತ ನಿಲುಗಡೆ’ ಎಂದು ಬರೆಯಿರಿ. ಈಗ 380ರಲ್ಲಿ 300. ಶೇಕಡಾ 79ರ ಹತ್ತಿರ. ಒಂದು ಬೋಲ್ಟು ತಿರುಗಿಸದೆ, ಒಂದು ತೊಟ್ಟು ಎಣ್ಣೆ ಬಿಡದೆ ಯಂತ್ರ ಸುಧಾರಿಸಿತು. ಬ್ಲ್ಯಾಕ್ ಬೆಲ್ಟು ಸುಮ್ಮನೆ ಬರುತ್ತದೆಯೇ!

ಅದಕ್ಕಿಂತ ರುಚಿಯಾದದ್ದು ಗ್ರಾಮಿನ ಲೆಕ್ಕ. ನೂರು ಗ್ರಾಮಿನ ಪೊಟ್ಟಣಕ್ಕೆ ಒಂದೆರಡು ಗ್ರಾಂ ಜಾಸ್ತಿ ಬಿದ್ದರೆ ಅದಕ್ಕೆ ‘ಗಿವ್‌ಅವೇ’ ಎಂದು ಹೆಸರು, ಅಂದರೆ ಗಿರಾಕಿಗೆ ಪುಗಸಟ್ಟೆ ಹೋದದ್ದು. ನಿಮಿಷಕ್ಕೆ ನೂರು ಪೊಟ್ಟಣ ಮಾಡುವ ಸಾಲಿನಲ್ಲಿ ಒಂದು ಪಾಳಿಗೆ 48,000 ಪೊಟ್ಟಣ. ಒಂದೊಂದು ಗ್ರಾಂ ಹಿಡಿದರೂ 48 ಕಿಲೋ ಬಿಸ್ಕತ್ತು. ಇದನ್ನು ತಡೆಯುವುದು ನ್ಯಾಯವಾದ ಕೆಲಸ, ಒಪ್ಪೋಣ. ನಮ್ಮ ಕಾನೂನು ಮಾಪನಶಾಸ್ತ್ರದ ನಿಯಮಗಳು ಸರಾಸರಿ ತೂಕ ಬರೆದದ್ದಕ್ಕಿಂತ ಕಡಿಮೆಯಾಗಬಾರದು ಎನ್ನುತ್ತವೆ. ಬಿಡಿ ಪೊಟ್ಟಣದಲ್ಲಿ ನೂರು ಗ್ರಾಮಿಗೆ ನಾಲ್ಕೂವರೆ ಗ್ರಾಮಿನಷ್ಟು ಏರುಪೇರನ್ನು ಯಂತ್ರದ ಮೇಲಿನ ಕರುಣೆಯಿಂದ ಮನ್ನಿಸುತ್ತವೆ. ಯಂತ್ರಕ್ಕೆ ತೋರಿಸಿದ ಕರುಣೆಯನ್ನು ತನ್ನ ಹಕ್ಕೆಂದು ಓದಿಕೊಳ್ಳುವ ಬುದ್ಧಿವಂತನಿಗೆ ಬೇಗ ಬಡ್ತಿ ಸಿಗುತ್ತದೆ.

ಗಿವ್‌ಅವೇ ಪೂರ್ತಿ ಹಿಂಡಿ ಮುಗಿದ ಮೇಲೆ? ಆಗ ಸುಧಾರಣೆ ಮಾರ್ಕೆಟಿಂಗಿನವರ ಕೈಗೆ ಹೋಗುತ್ತದೆ. ಐದು ರೂಪಾಯಿ ಪೊಟ್ಟಣದ ಬೆಲೆ ಐದೇ ರೂಪಾಯಿ. ಮೇಲಿನ ಮಗುವಿನ ನಗು ಅದೇ ನಗು. ಒಳಗಿನ ಬಿಸ್ಕತ್ತು ಮಾತ್ರ ವರ್ಷಕ್ಕೊಂದು ಗಾತ್ರ ಇಳಿಯುತ್ತದೆ, ಒಂದು ವರ್ಷ ಒಂದು ಬಿಸ್ಕತ್ತೇ ನಾಪತ್ತೆಯಾಗುತ್ತದೆ. ಪೊಟ್ಟಣದ ಮೇಲೆ ಗ್ರಾಮಿಗೆ ಇಷ್ಟು ಪೈಸೆ ಎಂದು ಅಚ್ಚು ಹಾಕುವ ನಿಯಮವೂ ಬಂದಿದೆ. ಅಚ್ಚೂ ಹಾಕುತ್ತಾರೆ, ಸೀಲಿನ ಸುಕ್ಕಿನ ಮೇಲೆ, ಇರುವೆಯ ಕಾಲಿನ ಗಾತ್ರದಲ್ಲಿ.

ಇಲ್ಲಿಯ ತನಕ ನಗಬಹುದಾದದ್ದು. ಮುಂದಿನದಕ್ಕೆ ನಗು ಬರುವುದಿಲ್ಲ. ಶಿಗೆಯೊ ಶಿಂಗೊ ಎಂಬ ಜಪಾನಿ ತಜ್ಞರು, ಗಂಟೆಗಟ್ಟಲೆ ಹಿಡಿಯುತ್ತಿದ್ದ ಅಚ್ಚು ಬದಲಾಯಿಸುವ ಕೆಲಸವನ್ನು ಹತ್ತು ನಿಮಿಷದೊಳಗೆ ಮುಗಿಸುವ ವಿಧಾನ ಕಲಿಸಿದರು. ಕಾರಿನ ಬಾಗಿಲು ಒತ್ತುವ ಪ್ರೆಸ್ಸಿಗೆ ಅದು ಭೇಷಾದ ವಿದ್ಯೆ. ಪ್ರೆಸ್ಸಿನ ಸಂದಿಯಲ್ಲಿ ಏನೂ ಹುಟ್ಟಿ ಬೆಳೆಯುವುದಿಲ್ಲ. ತಿನ್ನುವ ಪದಾರ್ಥದ ಸಾಲು ಹಾಗಲ್ಲ. ಗೋಡಂಬಿ ಬಿಸ್ಕತ್ತು ಓಡಿದ ಸಾಲಿನಲ್ಲಿ ಸಾದಾ ಬಿಸ್ಕತ್ತು ಓಡಿಸಬೇಕಾದರೆ ಮಧ್ಯೆ ತೊಳೆಯಬೇಕು, ಕೆರೆಯಬೇಕು, ಒರೆಸಬೇಕು, ಒಣಗಿಸಬೇಕು. ಗೋಡಂಬಿಯಂಥ ಬೀಜ, ಶೇಂಗಾ, ಹಾಲು ಇವುಗಳಿಂದ ಅಲರ್ಜಿಯಾಗುವವರಿಗಾಗಿ 2020ರ ಲೇಬಲಿಂಗ್ ನಿಯಮಗಳು ಪೊಟ್ಟಣದ ಮೇಲೆ ಎಚ್ಚರಿಕೆ ಬರೆಯಿರಿ ಎನ್ನುತ್ತವೆ. ಆ ತೊಳೆಯುವ ಹೊತ್ತು ಸುಧಾರಕನ ಚಾರ್ಟಿನಲ್ಲಿ ಕೆಂಪು ಬಣ್ಣದ ನಷ್ಟ. ಎರಡು ಗಂಟೆಯದ್ದು ಒಂದೂವರೆಯಾಗುತ್ತದೆ, ಒಂದೂವರೆ ಮುಕ್ಕಾಲಾಗುತ್ತದೆ. ಹೇಗಾಯಿತು ಎಂದು ಕೇಳಿದರೆ ‘ಸ್ಮಾರ್ಟ್ ಕ್ಲೀನಿಂಗ್’. ಸ್ಮಾರ್ಟ್ ಎಂದರೆ ಕಾಣುವ ಕಡೆ ತೊಳೆಯುವುದು.

ಆಹಾರೋದ್ಯಮಕ್ಕೆಂದೇ ಹುಟ್ಟಿದ ಒಂದು ದೊಡ್ಡ ಸುಧಾರಣೆಯ ಕಥೆ ಬೇರೆ ಥರದ್ದು. 1960ರ ದಶಕದಲ್ಲಿ ಅಮೆರಿಕದ ಪಿಲ್ಸ್‌ಬರಿ ಕಂಪನಿ ನಾಸಾದ ಗಗನಯಾತ್ರಿಗಳಿಗೆ ಆಹಾರ ತಯಾರಿಸಬೇಕಾಯಿತು. ಮೇಲೆ ಹೋದವನಿಗೆ ಹೊಟ್ಟೆ ಕೆಟ್ಟರೆ ಕರೆದುಕೊಂಡು ಹೋಗಲು ಆಸ್ಪತ್ರೆಯಿಲ್ಲ. ತುಣುಕು ಉದುರಿದರೆ ತೇಲಿಕೊಂಡು ಯಂತ್ರದೊಳಗೆ ಹೋಗುತ್ತದೆಂದು ತಿನಿಸಿನ ಚೌಕಗಳಿಗೆ ತೆಳುವಾದ ಲೇಪ ಕೊಟ್ಟರು. ತಯಾರಾದ ಮೇಲೆ ಪರೀಕ್ಷಿಸಿದರೆ ಸಾಲದು, ತಯಾರಾಗುವಾಗ ಎಲ್ಲೆಲ್ಲಿ ಕೆಡಬಹುದು ಎಂದು ಮೊದಲೇ ಹುಡುಕಿ ಅಲ್ಲಲ್ಲೇ ಕಾವಲು ಹಾಕಬೇಕು ಎಂದುಕೊಂಡರು. ಇಂದು ಜಗತ್ತಿನ ಆಹಾರ ಕಾರ್ಖಾನೆಗಳು ಪಾಲಿಸುವ ‘ಹ್ಯಾಸಪ್’ ಪದ್ಧತಿ ಬೆಳೆದದ್ದು ಹೀಗೆ. ಅವರು ಕೇಳಿಕೊಂಡ ಪ್ರಶ್ನೆ ‘ಎಲ್ಲಿ ಕೆಡಬಹುದು?’ ಎಂದು. ನಮ್ಮ ಬೆಲ್ಟಿನವರು ಕೇಳುವ ಪ್ರಶ್ನೆ ‘ಎಲ್ಲಿ ಕತ್ತರಿಸಬಹುದು?’ ಎಂದು.

ಎರಡನೇ ಪ್ರಶ್ನೆಯನ್ನೇ ಕೊನೆಯ ತನಕ ಕೇಳುತ್ತ ಹೋದರೆ ಎಲ್ಲಿಗೆ ಮುಟ್ಟುತ್ತೇವೆ ಎಂಬುದೂ ಅದೇ ಅಮೆರಿಕದಲ್ಲಿ ದಾಖಲಾಗಿದೆ. 2008, 2009ರಲ್ಲಿ ಪೀನಟ್ ಕಾರ್ಪೊರೇಷನ್ ಆಫ್ ಅಮೆರಿಕ ಎಂಬ ಕಂಪನಿಯ ಶೇಂಗಾ ಪದಾರ್ಥ ತಿಂದು 700ಕ್ಕೂ ಹೆಚ್ಚು ಜನ ಸಾಲ್ಮೊನೆಲ್ಲಾದಿಂದ ಕಾಯಿಲೆ ಬಿದ್ದರು, ಒಂಬತ್ತು ಮಂದಿ ತೀರಿಕೊಂಡರು. ಮಾಲು ಕೆಟ್ಟಿದೆ ಎಂದು ಗೊತ್ತಿದ್ದೂ, ಸುಳ್ಳು ಪ್ರಮಾಣಪತ್ರ ಜೋಡಿಸಿ ಸಾಗಿಸಿದ್ದು ಸಾಬೀತಾಗಿ, 2015ರಲ್ಲಿ ಅದರ ಮಾಲೀಕ ಸ್ಟೂವರ್ಟ್ ಪಾರ್ನೆಲ್‌ಗೆ 28 ವರ್ಷ ಜೈಲಾಯಿತು. ಆ ಕಂಪನಿಯಲ್ಲೂ ಸಮಯ ಉಳಿದಿತ್ತು, ವೆಚ್ಚ ಉಳಿದಿತ್ತು, ಲಾರಿಗಳು ಹೊತ್ತಿಗೆ ಸರಿಯಾಗಿ ಹೊರಟಿದ್ದವು.

ಮತ್ತೆ ನಮ್ಮ ಕಾರ್ಖಾನೆಗೆ ಬರೋಣ. ‘ಕೈಜನ್’ ಎಂದರೆ ಕೆಳಗಿನ ಕೆಲಸಗಾರನಿಂದ ದಿನಕ್ಕಿಷ್ಟು ಚಿಕ್ಕ ಚಿಕ್ಕ ಸುಧಾರಣೆ ಬರಬೇಕು ಎಂಬ ತತ್ವ. ಅದಕ್ಕಾಗಿ ಒಂದು ಕಾಲದಲ್ಲಿ ಗೋಡೆಗೆ ಸಲಹಾ ಪೆಟ್ಟಿಗೆ ಹೊಡೆದಿರುತ್ತಿದ್ದರು. ಅದರೊಳಗೆ ಕ್ಯಾಂಟೀನಿನ ಸಾಂಬಾರು ನೀರಾಗಿದೆ ಎಂಬ ಚೀಟಿಯಾದರೂ ಬೀಳುತ್ತಿತ್ತು. ಈಗ ಪೆಟ್ಟಿಗೆಯನ್ನೂ ಸುಧಾರಿಸಿ ಪೋರ್ಟಲ್ ಮಾಡಿದ್ದಾರೆ. ಅದರಲ್ಲಿ ಸಲಹೆ ಬರೆಯಲು ಲಾಗಿನ್ ಬೇಕು. ಲಾಗಿನ್‌ಗೆ ಎಂಪ್ಲಾಯಿ ನಂಬರು ಬೇಕು. ಸಾಲಿನ ಮೇಲೆ ನಿಂತವರಲ್ಲಿ ಬಹುಪಾಲು ಗುತ್ತಿಗೆಯವರು; ರಾಯಚೂರು, ಕಲಬುರಗಿ, ಒಡಿಶಾ, ಬಿಹಾರದಿಂದ ಬಂದವರು. ಅವರಿಗೆ ಇರುವುದು ಕಂಟ್ರಾಕ್ಟರನ ಚೀಟಿ. ಹಾಗಾಗಿ ದಿನವಿಡೀ ಬಿಸ್ಕತ್ತು ಮುಟ್ಟುವವರಿಗೆ ಸಲಹೆ ಕೊಡಲು ಬರುವುದಿಲ್ಲ, ಸಲಹೆ ಕೊಡಬಲ್ಲವರು ಬಿಸ್ಕತ್ತು ಮುಟ್ಟುವುದಿಲ್ಲ. ಟೊಯೊಟಾದವರು ಏಳು ಬಗೆಯ ವ್ಯರ್ಥಗಳನ್ನು ಪಟ್ಟಿ ಮಾಡಿದ್ದರು. ಆಮೇಲೆ ಬಂದವರು ಮನುಷ್ಯನ ಬುದ್ಧಿಯನ್ನು ಬಳಸದೆ ಬಿಡುವುದು ಎಂಟನೆಯದು ಎಂದು ಸೇರಿಸಿದರು. ಎಂಟನ್ನೂ ಚೆಂದದ ಪೋಸ್ಟರು ಮಾಡಿ ಪ್ಯಾಕಿಂಗ್ ಹಾಲಿನಲ್ಲಿ ಹಚ್ಚಿದ್ದಾರೆ. ಇಂಗ್ಲಿಷಿನಲ್ಲಿ.

ಒಮ್ಮೊಮ್ಮೆ ಆಪರೇಟರನ ಉಪಾಯವೂ ಮೇಲಕ್ಕೆ ತಲುಪುತ್ತದೆ. ಆ ರಟ್ಟಿನ ಚೂರಿನ ಜಾಗದಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಪಟ್ಟಿ ಬರುತ್ತದೆ. ಸ್ಲೈಡಿನಲ್ಲಿ ಅದಕ್ಕೆ ‘ಫಿಲ್ಮ್ ಟ್ರ್ಯಾಕಿಂಗ್ ಆಪ್ಟಿಮೈಸೇಷನ್’ ಎಂದು ನಾಮಕರಣವಾಗುತ್ತದೆ. ಆಪರೇಟರಿಗೆ ಇನ್ನೂರು ರೂಪಾಯಿ ಕೂಪನ್ನು, ಕಂಪನಿ ಹೆಸರಿನ ಮಗ್ಗು. ಮ್ಯಾನೇಜರಿಗೆ ಗೋವಾದ ಹೋಟೆಲಿನಲ್ಲಿ ನಡೆಯುವ ಸಮಾವೇಶದಲ್ಲಿ ಪ್ರಶಸ್ತಿ. ವೇದಿಕೆಯ ಮೇಲಿಂದ ಅವನು ‘ನನ್ನ ತಂಡಕ್ಕೆ ಇದು ಅರ್ಪಣೆ’ ಅನ್ನುತ್ತಾನೆ. ತಂಡ ಆ ಹೊತ್ತಿಗೆ ಎರಡನೇ ಪಾಳಿಯಲ್ಲಿರುತ್ತದೆ.

ಉಳಿತಾಯವನ್ನು ಲೆಕ್ಕ ಹಾಕುವುದರಲ್ಲೂ ಕೈಚಳಕ ಬೇಕು. ಒಂದೇ ಉಳಿತಾಯವನ್ನು ಪರ್ಚೇಸಿನವರು ದರದಲ್ಲಿ ತೋರಿಸುತ್ತಾರೆ, ಪ್ರೊಡಕ್ಷನ್ನಿನವರು ತ್ಯಾಜ್ಯದಲ್ಲಿ ತೋರಿಸುತ್ತಾರೆ, ಸುಧಾರಣೆಯವರು ಎರಡನ್ನೂ ಕೂಡಿ ತಮ್ಮದೆಂದು ತೋರಿಸುತ್ತಾರೆ. ಹತ್ತು ವರ್ಷದ ಸ್ಲೈಡುಗಳಲ್ಲಿ ಉಳಿದ ಹಣವನ್ನೆಲ್ಲ ಕೂಡಿದರೆ, ಕಂಪನಿ ಈ ಹೊತ್ತಿಗೆ ಬಿಸ್ಕತ್ತನ್ನು ಪುಕ್ಕಟೆ ಹಂಚಿ, ಜೊತೆಗೆ ಹಾಲನ್ನೂ ಕೊಡಬೇಕಿತ್ತು. ಇದನ್ನು ಫೈನಾನ್ಸಿನವರು ಕೇಳುವ ದಿನ ಬಂದೇ ಬರುತ್ತದೆ. ಅದಕ್ಕೆ ಮುಂಚೆ ಕಂಪನಿ ಬದಲಾಯಿಸಬೇಕು. ಫಿಲ್ಮು ತೆಳ್ಳಗೆ ಮಾಡಿದವನು, ಬಿಸ್ಕತ್ತು ಮೆತ್ತಗಾಗುವ ಹೊತ್ತಿಗೆ ಬೇರೆ ಕಡೆ ಚಿಪ್ಸಿನ ಪೊಟ್ಟಣ ತೆಳ್ಳಗೆ ಮಾಡುತ್ತಿರಬೇಕು. ಹೀಗೆ ನಾಲ್ಕು ಕಂಪನಿ ದಾಟಿದರೆ ವೈಸ್ ಪ್ರೆಸಿಡೆಂಟ್. ಐದು ದಾಟಿದರೆ ಕನ್ಸಲ್ಟೆಂಟ್. ಕನ್ಸಲ್ಟೆಂಟ್ ಆದ ಮೇಲೆ ಕಾರ್ಖಾನೆಯೊಳಗೆ ಕಾಲಿಡುವ ತಾಪತ್ರಯವೂ ಇಲ್ಲ, ತಲೆಗೆ ಬಲೆಯೂ ಬೇಡ.

ಹಾಗಾದರೆ ಆಹಾರದಲ್ಲಿ ಸುಧಾರಣೆ ಎಂಬುದು ಬರೀ ಬೂಟಾಟಿಕೆಯೇ? ಅಲ್ಲ. ನಮ್ಮ ನಾಡಿನಲ್ಲೇ ಪುರಾವೆಯಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ರವೆಯಲ್ಲೇ ಇಡ್ಲಿ ಮಾಡಿ ನೋಡಿದೆವು, ರವೆ ಇಡ್ಲಿ ಹುಟ್ಟಿದ್ದು ಹಾಗೆ ಎಂದು ಬೆಂಗಳೂರಿನ ಎಂಟಿಆರ್ ಹೋಟೆಲಿನವರು ಹೇಳುತ್ತಾರೆ. ಆ ಹೋಟೆಲಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿನ ಹೋಟೆಲುಗಳನ್ನು ನೋಡಿ ಬಂದು ಮೊದಲು ಕೈಹಾಕಿದ್ದು ಪಾತ್ರೆ ಪಗಡಗಳ ಶುಚಿಗೆ. ಮೈಸೂರಿನ ಚೆಲುವಾಂಬಾ ಮ್ಯಾನ್ಷನ್ನಿನಲ್ಲಿ 1950ರಲ್ಲಿ ಶುರುವಾದ ಸಿಎಫ್‌ಟಿಆರ್‌ಐ ಸಂಸ್ಥೆಯ ವಿಜ್ಞಾನಿಗಳು ಎಮ್ಮೆಹಾಲಿನಿಂದ ಶಿಶು ಆಹಾರದ ಪುಡಿ ಮಾಡುವ ವಿಧಾನ ಕಂಡುಹಿಡಿದರು; ಅದು ಅಮುಲ್ ಡಬ್ಬಿಯಲ್ಲಿ ದೇಶದ ಮಕ್ಕಳ ಹೊಟ್ಟೆ ಸೇರಿತು. ಇವರಲ್ಲಿ ಯಾರ ಸೊಂಟಕ್ಕೂ ಬಣ್ಣದ ಬೆಲ್ಟಿರಲಿಲ್ಲ. ಇವರ ಸುಧಾರಣೆಗಳು ಕೊನೆಗೆ ಬಂದು ಮುಟ್ಟಿದ್ದು ತಿನ್ನುವವನ ತಟ್ಟೆಗೆ. ಇಂದಿನವು ಮುಟ್ಟುವುದು ಮ್ಯಾನೇಜರನ ಅಪ್ರೈಸಲ್ಲಿಗೆ. ವ್ಯತ್ಯಾಸ ಇಷ್ಟೇ.

ಆದ್ದರಿಂದ ಈ ವೃತ್ತಿಗೆ ಹೊರಟ ತರುಣ ತರುಣಿಯರಲ್ಲಿ ಒಂದು ಬೇಡಿಕೆ. ಬೆಲ್ಟಿನ ಪರೀಕ್ಷೆಗೆ ಫೀಜು ಕಟ್ಟುವ ಮುಂಚೆ ಆರು ತಿಂಗಳು ರಾತ್ರಿ ಪಾಳಿಯ ಕ್ಲೀನಿಂಗ್ ಗ್ಯಾಂಗಿನಲ್ಲಿ ದುಡಿಯಿರಿ. ಯಂತ್ರ ಬಿಚ್ಚಿ, ಸಂದಿಯಲ್ಲಿ ಹಳಸಿದ ಹಿಟ್ಟನ್ನು ಕೈಯಾರೆ ಕೆರೆಯಿರಿ. ಮಿಕ್ಸರಿನವನಿಂದ ಹಿಟ್ಟು ಹಿಸುಕುವುದನ್ನು ಕಲಿಯಿರಿ. ಆಮೇಲೆ ನೀವು ತೆಗೆದುಕೊಳ್ಳುವ ಪ್ರತಿ ಯೋಜನೆಯ ಮೊದಲ ಸ್ಲೈಡಿನಲ್ಲಿ, ಉಪಾಯ ಹೇಳಿಕೊಟ್ಟ ಆಪರೇಟರನ ಹೆಸರು ಬರೆಯಿರಿ. ಕೊನೆಯ ಸ್ಲೈಡಿನಲ್ಲಿ, ಇದರಿಂದ ತಿನ್ನುವವನಿಗೆ ಏನು ಸಿಕ್ಕಿತು ಎಂದು ಬರೆಯಿರಿ. ಬರೆಯಲು ಏನೂ ಇಲ್ಲದಿದ್ದರೆ ಆ ಯೋಜನೆಯನ್ನು ಕೈಬಿಡಿ. ಬಡ್ತಿ ತಡವಾಗಬಹುದು, ಬಿಸ್ಕತ್ತು ಕೆಡುವುದಿಲ್ಲ.